ಗುಳೆ ಹೋಗಿ ಬಂದ ಮಗುವಿನ ಮೊದಲ ಹತ್ತು ದಿನ

ರಾಯಚೂರು, ಯಾದಗಿರಿ, ಕಲಬುರಗಿ ಕಡೆಯ ಹಳ್ಳಿಗಳಲ್ಲಿ ಮಳೆ ಕೈಕೊಟ್ಟ ವರ್ಷ ದೀಪಾವಳಿ ಮುಗಿದ ಮೇಲೆ ಯಾವ ಮನೆಗೆ ಬೀಗ ಬಿತ್ತೆಂದು ಶಾಲೆಯ ಹಾಜರಿ ಪುಸ್ತಕವೇ ಹೇಳುತ್ತದೆ. ಹಾಗೆ ಗುಳೆ ಹೋದ ಮಗು ಎರಡು ಮೂರು ತಿಂಗಳ ಮೇಲೆ ಒಂದು ಬೆಳಿಗ್ಗೆ ತರಗತಿಯ ಬಾಗಿಲಲ್ಲಿ ಬಂದು ನಿಲ್ಲುತ್ತದೆ. ಅದು ನಾಳೆಯೂ ಬರುತ್ತದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಆ ಗಳಿಗೆಯಲ್ಲೇ ತೀರ್ಮಾನವಾಗುತ್ತದೆ.

‘ಇಷ್ಟ್ ದಿನ ಎಲ್ಲಿಗಿ ಹೋಗಿದ್ದಿ?’ ಎಂದು ಎಲ್ಲರೆದುರು ಕೇಳಬೇಡಿ. ಊರು ಬಿಡುವ ತೀರ್ಮಾನ ಮಗುವಿನದಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆತವನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ‘ಬಾರವ್ವಾ, ಊರಿಗೆ ಯಾವಾಗ ಬಂದ್ರಿ?’ ಎಂದರೆ ಸಾಕು. ಅವಳ ಹಳೆಯ ಜಾಗದಲ್ಲಿ ಬೇರೆ ಯಾರೋ ಕೂತಿರುತ್ತಾರೆ. ಕೊನೆಯ ಸಾಲಿಗೆ ಕಳಿಸದೆ ಅವಳ ಓಣಿಯದೇ ಮಗುವಿನ ಪಕ್ಕ ಜಾಗ ಮಾಡಿಕೊಡಿ. ಹಲಗೆಯ ಮೇಲೆ ದಿನಾಂಕ ಬರೆಯುವುದೋ ಗಂಟೆ ಹೊಡೆಯುವುದೋ, ತಪ್ಪಾಗದ ಒಂದು ಕೆಲಸ ಅವತ್ತೇ ಕೊಡಿ.

ಮುಂದಿನ ಹತ್ತು ಶಾಲಾ ದಿನ, ದಿನಕ್ಕೆ ಎರಡು ನಿಮಿಷ, ಪಾಠ ಬಿಟ್ಟು ಬೇರೆ ಮಾತಾಡಿ. ಬಿಸಿಯೂಟದ ಸಾಲು ಇದಕ್ಕೆ ಒಳ್ಳೆಯ ಜಾಗ. ತಮ್ಮನ ಜ್ವರ, ಮನೆಯ ಆಡು, ಏನಾದರೂ ಸರಿ. ಆದರೆ ಮಗು ತಾನೇ ಕೂಲಿ ಮಾಡಿದ್ದರೆ ಅದನ್ನು ಬೇರೆ ಮಕ್ಕಳೆದುರು ಕೆದಕಬೇಡಿ.

ಓದಿನ ಪರೀಕ್ಷೆಗೆ ಅವಸರವಿಲ್ಲ. ಮೂರನೆಯ ಅಥವಾ ನಾಲ್ಕನೆಯ ದಿನ ಪಕ್ಕಕ್ಕೆ ಕೂರಿಸಿಕೊಂಡು ಹಿಂದಿನ ತರಗತಿಯ ನಾಲ್ಕು ಸಾಲು ಓದಿಸಿ, ಐದು ಪದ ಉಕ್ತಲೇಖನ ಕೊಡಿ, ದಶಕ ಪಡೆದು ಕಳೆಯುವ ಎರಡು ಲೆಕ್ಕ ಮಾಡಿಸಿ. ಒತ್ತಕ್ಷರ ಬಂದಲ್ಲಿ ಓದು ತಡವರಿಸುತ್ತದೆಯೇ, 52ರಲ್ಲಿ 38 ಕಳೆಯುವಾಗ 8ರಲ್ಲೇ 2 ಕಳೆದು 26 ಎಂದು ಬರೆಯುತ್ತಾಳೆಯೇ ನೋಡಿ. ಎಲ್ಲಿ ಎಡವಿದಳೋ ಅಲ್ಲಿಂದಲೇ, ಉಳಿದವರು ಬರೆಯುತ್ತಿರುವಾಗ ದಿನಕ್ಕೆ 20 ನಿಮಿಷ ಕಲಿಸಿ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಮೂರು ಎಣಿಸಿ. ಶಿಕ್ಷಕರು ಸಾಮಾನ್ಯವಾಗಿ ಒಂದೇ ಸೆಕೆಂಡು ಕಾಯುತ್ತಾರೆ, ಮೂರು ಸೆಕೆಂಡು ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು.

ಬಿಟ್ಟುಹೋದ ನೋಟ್ಸ್ ಪೂರ್ತಿ ಬರೆದು ತಾ ಎನ್ನುವುದು ನಾವು ಮಾಡುವ ದೊಡ್ಡ ತಪ್ಪು. ಮೂರು ತಿಂಗಳ ಬರಹ ನಕಲು ಮಾಡಿದರೆ ಕೈ ನೋಯುತ್ತದೆ, ಕಲಿಕೆ ಸೊನ್ನೆ. ಶಿಕ್ಷೆಯಂತೆ ಕಂಡ ಆ ಕೆಲಸಕ್ಕೆ ಹೆದರಿಯೇ ಎಷ್ಟೋ ಮಕ್ಕಳು ಮತ್ತೆ ತಪ್ಪಿಸಿಕೊಳ್ಳುತ್ತಾರೆ. ಇವತ್ತಿನ ಪಾಠದಿಂದ ಹೊಸ ಹಾಳೆ ಶುರುವಾಗಲಿ.

ಬರುವ ವರ್ಷವೂ ಆ ಮನೆಯವರು ಹೊರಡಬಹುದು. ದಸರಾ ರಜೆಗೆ ಮೊದಲೇ ತಂದೆಯ ಫೋನ್ ನಂಬರ್ ಬರೆದಿಟ್ಟುಕೊಳ್ಳಿ. ಪಠ್ಯಪುಸ್ತಕದ ಜೊತೆ ಒಂದು ಖಾಲಿ ನೋಟ್‌ಬುಕ್ ಅವಳ ಚೀಲದಲ್ಲಿಟ್ಟು ಕಳಿಸಿ. ಹದಿನೈದು ದಿನಕ್ಕೊಮ್ಮೆ ಫೋನ್ ಮಾಡಿ, ಅವಳ ಕೈಗೇ ಕೊಡಲು ಹೇಳಿ.