ಗಡಿಯಾರಕ್ಕೂ ಒಂದು ಊರು ಬೇಕು

ನ್ಯೂಯಾರ್ಕಿಗೂ ಲಂಡನ್ನಿಗೂ ಎಷ್ಟು ಗಂಟೆಯ ಅಂತರ ಎಂದು ಕೇಳಿದರೆ ಬಲ್ಲವರು ತಟ್ಟನೆ ‘ಐದು’ ಎನ್ನುತ್ತಾರೆ. ವರ್ಷದ ಬಹುಪಾಲು ಅದು ಸರಿಯೇ. ಮಾರ್ಚ್ ನಡುವಿನಲ್ಲಿ ಕೇಳಿದರೆ ಮಾತ್ರ ತಪ್ಪು. ಆಗ ಅಂತರ ನಾಲ್ಕೇ ಗಂಟೆ. ಎರಡೂ ಊರುಗಳು ಇದ್ದಲ್ಲೇ ಇವೆ, ಭೂಮಿಯೂ ಎಂದಿನಂತೆ ತಿರುಗುತ್ತಿದೆ. ವ್ಯತ್ಯಾಸ ತಂದಿಟ್ಟದ್ದು ಸರ್ಕಾರಗಳು. ಅಮೆರಿಕ ಮಾರ್ಚ್‌ನ ಎರಡನೇ ಭಾನುವಾರವೇ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿಬಿಡುತ್ತದೆ. ಬ್ರಿಟನ್ ಆ ತಿಂಗಳ ಕೊನೆಯ ಭಾನುವಾರದವರೆಗೆ ಕಾಯುತ್ತದೆ. ಹಿಂದಕ್ಕೆ ತಿರುಗಿಸುವಾಗಲೂ ಇದೇ ಕಥೆ: ಬ್ರಿಟನ್ನಿನದು ಅಕ್ಟೋಬರ್ ಕೊನೆಯ ಭಾನುವಾರ, ಅಮೆರಿಕದ್ದು ನವೆಂಬರ್ ಮೊದಲ ಭಾನುವಾರ. ಈ ಸಂದಿಗೆ ಸಿಕ್ಕಿಕೊಂಡ ವಾರಗಳಲ್ಲಿ ಒಬ್ಬರು ಫೋನ್ ಹಿಡಿದು ಕಾಯುತ್ತಾರೆ, ಇನ್ನೊಬ್ಬರು ಊಟಕ್ಕೆ ಕೂತಿರುತ್ತಾರೆ.

ಮೂಲ ಲೆಕ್ಕವೇನೋ ಸರಳ. ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ತಿರುಗುತ್ತದೆ, ಅಂದರೆ ಗಂಟೆಗೆ 15 ಡಿಗ್ರಿ, ಡಿಗ್ರಿಗೆ 4 ನಿಮಿಷ. ರೈಲು ಬರುವ ಮುನ್ನ ಪ್ರತಿ ಊರೂ ಈ ಲೆಕ್ಕವನ್ನು ಚಾಚೂ ತಪ್ಪದೆ ಪಾಲಿಸುತ್ತಿತ್ತು. ಸೂರ್ಯ ನೆತ್ತಿಗೆ ಬಂದಾಗ ಮಧ್ಯಾಹ್ನ. ಇಂಗ್ಲೆಂಡಿನ ಬ್ರಿಸ್ಟಲ್ ಲಂಡನ್ನಿಗಿಂತ ಸುಮಾರು 10 ನಿಮಿಷ ಹಿಂದಿತ್ತು. ಅಲ್ಲಿನ ಕಾರ್ನ್ ಎಕ್ಸ್‌ಚೇಂಜ್ ಕಟ್ಟಡದ ಗಡಿಯಾರಕ್ಕೆ ಇಂದಿಗೂ ನಿಮಿಷ ತೋರಿಸುವ ಮುಳ್ಳುಗಳು ಎರಡಿವೆ: ಒಂದು ಊರಿನ ಸಮಯಕ್ಕೆ, ಇನ್ನೊಂದು ಲಂಡನ್ ಸಮಯಕ್ಕೆ. ರೈಲಿನ ವೇಳಾಪಟ್ಟಿಗೆ ಇಷ್ಟೊಂದು ಮಧ್ಯಾಹ್ನಗಳು ಒಗ್ಗಲಿಲ್ಲ. ಅಮೆರಿಕದ ರೈಲ್ವೆ ಕಂಪನಿಗಳು 1883ರ ನವೆಂಬರ್ 18ರಂದು ತಾವೇ ವಲಯಗಳನ್ನು ಹಂಚಿಕೊಂಡವು. ಮರುವರ್ಷ ವಾಷಿಂಗ್ಟನ್ನಿನಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನ ಲಂಡನ್ನಿನ ಗ್ರೀನಿಚ್ ಮೂಲಕ ಹಾಯುವ ರೇಖಾಂಶವನ್ನು ಸೊನ್ನೆ ಡಿಗ್ರಿ ಎಂದು ಒಪ್ಪಿತು. ಫ್ರಾನ್ಸ್ ಮತ ಹಾಕದೆ ದೂರ ಉಳಿಯಿತು.

ಭೂಪಟದ ಮೇಲೆ 24 ನೇರ ಪಟ್ಟಿಗಳು ಬರುತ್ತವೆಂದು ಯಾರಾದರೂ ಆಗ ನಂಬಿದ್ದರೆ, ಈಗಿನ ಭೂಪಟ ನೋಡಿ ನಕ್ಕಾರು. ಮ್ಯಾಡ್ರಿಡ್ ಇರುವುದು ಲಂಡನ್ನಿಗಿಂತಲೂ ಪಶ್ಚಿಮಕ್ಕೆ, ಆದರೆ ಅದರ ಗಡಿಯಾರ 1940ರಿಂದ ಬರ್ಲಿನ್ ಜೊತೆ ಓಡುತ್ತಿದೆ. ಅಷ್ಟು ವಿಶಾಲವಾದ ಚೀನಾಕ್ಕೆ ಒಂದೇ ಅಧಿಕೃತ ಸಮಯ. ಅದು 120 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕ. ದೇಶದ ಪಶ್ಚಿಮ ತುದಿಯ ಕಾಶ್ಗರ್ ಇರುವುದು 76ರ ಆಸುಪಾಸಿನಲ್ಲಿ. 44 ಡಿಗ್ರಿಯನ್ನು ನಾಲ್ಕರಿಂದ ಗುಣಿಸಿದರೆ 176 ನಿಮಿಷ. ಹಾಗಾಗಿ ಬೀಜಿಂಗ್ ಸಮಯದ ಪ್ರಕಾರ ಅಲ್ಲಿ ಸೂರ್ಯ ನೆತ್ತಿಗೆ ಬರುವಾಗ ಹೆಚ್ಚುಕಡಿಮೆ ಮೂರು ಗಂಟೆ. ಗ್ರೀನಿಚ್‌ನಿಂದ ಎಣಿಸಿದ ಪೂರ್ಣ ಗಂಟೆಗಳ ಮೇಲೆ ಭಾರತಕ್ಕೆ ಅರ್ಧ ಗಂಟೆಯ ಬಾಲವಿದ್ದರೆ ನೇಪಾಳಕ್ಕೆ ಮುಕ್ಕಾಲು ಗಂಟೆಯದು. ಸಮೋವಾ ದೇಶವಂತೂ 2011ರಲ್ಲಿ ದಿನಾಂಕ ಬದಲಾಗುವ ದಿನರೇಖೆಯ ಆಚೆ ಬದಿಗೆ ಜಿಗಿಯಲು ಡಿಸೆಂಬರ್ 30 ಎಂಬ ದಿನವನ್ನೇ ಕೈಬಿಟ್ಟಿತು.

ಇವುಗಳ ಮೇಲೆ ‘ಬೇಸಿಗೆ ಸಮಯ’ದ, ಅಂದರೆ ಬೇಸಿಗೆಯಲ್ಲಿ ಗಡಿಯಾರವನ್ನು ಮುಂದಕ್ಕೆ ತಿರುಗಿಸುವ ಪದ್ಧತಿಯ ಕಾಟ. ದಕ್ಷಿಣಾರ್ಧದಲ್ಲಿ ಬೇಸಿಗೆ ಬರುವುದೇ ಉತ್ತರದಲ್ಲಿ ಚಳಿ ಇರುವಾಗ. ಆದ್ದರಿಂದ ಸಿಡ್ನಿ ಮುಂದಕ್ಕೆ ಹೋಗುವ ಋತುವಿನಲ್ಲಿ ಲಂಡನ್ ಹಿಂದಕ್ಕೆ ಬರುತ್ತದೆ. ಇವೆರಡರ ಅಂತರ ಒಮ್ಮೆ 9 ಗಂಟೆ, ಒಮ್ಮೆ 11, ನಡುವಿನ ಕೆಲವು ವಾರ 10. ಸಿಡ್ನಿಯ ಉತ್ತರಕ್ಕಿರುವ ಬ್ರಿಸ್ಬೇನ್ ಗಡಿಯಾರವನ್ನು ಮುಟ್ಟುವುದೇ ಇಲ್ಲ.

ಇದರಿಂದ ತಿಳಿಯುವುದೆಂದರೆ, ‘ಯುಟಿಸಿಗಿಂತ (ಜಗತ್ತಿನ ಗಡಿಯಾರಗಳಿಗೆಲ್ಲ ಆಧಾರವಾದ ಸಮಯಕ್ಕಿಂತ) 10 ಗಂಟೆ ಮುಂದೆ’ ಎಂಬುದು ಒಂದು ಕ್ಷಣದ ಉತ್ತರ ಮಾತ್ರ, ಊರಿನ ಗುಣವಲ್ಲ. ಊರಿಗಿರುವುದು ಒಂದು ನಿಯಮ, ಜೊತೆಗೆ ಆ ನಿಯಮ ಬದಲಾದ ಇತಿಹಾಸ. ಅದನ್ನು ಬರೆದಿಟ್ಟ ಒಂದು ದತ್ತಸಂಚಯ ನಮ್ಮ ಫೋನು, ಕಂಪ್ಯೂಟರುಗಳ ಒಳಗೆ ಸದ್ದಿಲ್ಲದೆ ಕೆಲಸ ಮಾಡುತ್ತಿದೆ. ಆರ್ಥರ್ ಡೇವಿಡ್ ಓಲ್ಸನ್ 1980ರ ದಶಕದಲ್ಲಿ ಆರಂಭಿಸಿದ ಈ ಸಂಗ್ರಹದಲ್ಲಿ ವಲಯಗಳಿಗೆ ಸಾಮಾನ್ಯವಾಗಿ ಊರಿನ ಹೆಸರು: ‘ಯುರೋಪ್/ಪ್ಯಾರಿಸ್’, ‘ಏಷ್ಯಾ/ಟೋಕಿಯೊ’. ದೇಶದ ಹೆಸರನ್ನು ಬಿಟ್ಟದ್ದು ಜಾಣತನ. ಗಡಿಗಳು ಬದಲಾಗುತ್ತವೆ, ದೇಶಗಳು ಒಡೆಯುತ್ತವೆ; ಊರು ಸುಲಭಕ್ಕೆ ಎದ್ದು ಹೋಗುವುದಿಲ್ಲ.

ನಾವೂ ಇದನ್ನೇ ಅನುಸರಿಸಬಹುದು. ಮೂರಕ್ಷರದ ಸಂಕ್ಷೇಪಗಳನ್ನು ನಾನಂತೂ ನಂಬುವುದಿಲ್ಲ. ಸಿಎಸ್‌ಟಿ ಎಂದರೆ ಶಿಕಾಗೊ ಕಡೆಯದೂ ಆಗಬಹುದು, ಚೀನಾದ್ದೂ ಆಗಬಹುದು. ಐಎಸ್‌ಟಿ ಭಾರತದ್ದೋ, ಇಸ್ರೇಲಿನದೋ, ಐರ್ಲೆಂಡಿನದೋ? ‘ಬರ್ಲಿನ್ ಸಮಯ ಸಂಜೆ 4’ ಎಂದು ಬರೆದರೆ ಗೊಂದಲವಿಲ್ಲ. ವಾರವಾರ ನಡೆಯುವ ಕರೆಯಾದರೆ ಅದು ಯಾವ ಊರಿನ ಗಡಿಯಾರಕ್ಕೆ ಕಟ್ಟಿದ್ದು ಎಂಬುದನ್ನು ಮೊದಲೇ ಹೇಳಿಬಿಡಬೇಕು. ಬರ್ಲಿನ್ನಿಗೆ ಕಟ್ಟಿದ್ದರೆ ಟೋಕಿಯೊದವರ ಪಾಲಿಗೆ ವರ್ಷಕ್ಕೆ ಎರಡು ಸಲ ಹೊತ್ತು ಬದಲಾಗುತ್ತದೆ, ಅವರು ತಮ್ಮ ಗಡಿಯಾರ ಮುಟ್ಟದಿದ್ದರೂ.

ಎಲ್ಲವನ್ನೂ ಯುಟಿಸಿಯಲ್ಲಿ ಬರೆದಿಟ್ಟರೆ ಆಯಿತಲ್ಲ ಎನ್ನುವವರಿದ್ದಾರೆ. ನಡೆದುಹೋದದ್ದಕ್ಕೆ ಅದು ಸರಿ. ಮುಂದಿನ ವರ್ಷದ ಸಭೆಗೆ ಸಾಲದು, ಏಕೆಂದರೆ ನಡುವೆ ನಿಯಮವೇ ಬದಲಾಗಬಹುದು. 2023ರ ಮಾರ್ಚ್‌ನಲ್ಲಿ ಲೆಬನಾನ್ ಸರ್ಕಾರ ಬೇಸಿಗೆ ಸಮಯವನ್ನು ಇನ್ನೇನು ಬಂತು ಎನ್ನುವಾಗ ಮುಂದೂಡಿತು. ಕೆಲವರು ಒಪ್ಪಿದರು, ಕೆಲವರು ಒಪ್ಪಲಿಲ್ಲ. ನಿರ್ಧಾರ ವಾಪಸಾಗುವವರೆಗೆ ಒಂದೇ ದೇಶದಲ್ಲಿ ಎರಡು ಸಮಯ ಓಡಿದವು. 2015ರಲ್ಲಿ ಟರ್ಕಿಯಲ್ಲಿ ಚುನಾವಣೆಗಾಗಿ ಗಡಿಯಾರ ಹಿಂದಕ್ಕೆ ಸರಿಸುವುದನ್ನು ಎರಡು ವಾರ ತಡಮಾಡಿದಾಗ ಎಷ್ಟೋ ಫೋನುಗಳು ಹಳೆಯ ನಿಯಮದಂತೆ ತಾವೇ ಹಿಂದೆ ಸರಿದಿದ್ದವು. ಊರು ಮತ್ತು ಅಲ್ಲಿನ ಗಂಟೆ, ಎರಡನ್ನೂ ಬರೆದಿಟ್ಟಿದ್ದರೆ ನಿಯಮ ಬದಲಾದಾಗ ಮತ್ತೆ ಲೆಕ್ಕ ಹಾಕಬಹುದು.

ಇಷ್ಟಾದರೂ ಎಲ್ಲರಿಗೂ ಹಿತವಾದ ಹೊತ್ತು ಸಿಗುತ್ತದೆಂಬ ಭರವಸೆಯಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ, ಲಂಡನ್, ಸಿಂಗಪುರ ಈ ಮೂರನ್ನು ಜುಲೈನಲ್ಲಿ ಒಟ್ಟಿಗೆ ಕೂರಿಸಿ ನೋಡಿ. ಅಮೆರಿಕದವರಿಗೆ ಬೆಳಗಿನ 8 ಆದಾಗ ಲಂಡನ್ನಿನಲ್ಲಿ ಸಂಜೆ 4, ಸಿಂಗಪುರದಲ್ಲಿ ರಾತ್ರಿ 11. ಲಂಡನ್ನಿನವರು ಬೆಳಗಿನ 7ಕ್ಕೆ ಎದ್ದು ಕೂತರೆ ಸಿಂಗಪುರಕ್ಕೆ ಮಧ್ಯಾಹ್ನ 2, ಸ್ಯಾನ್ ಫ್ರಾನ್ಸಿಸ್ಕೊಗೆ ಹಿಂದಿನ ದಿನದ ರಾತ್ರಿ 11. ಯಾರಾದರೊಬ್ಬರು ನಿದ್ದೆಗೆಡಲೇಬೇಕು, ಆ ಸರದಿ ಒಬ್ಬರ ಮೇಲೇ ಬೀಳದಂತೆ ತಿಂಗಳಿಗೊಮ್ಮೆ ಹೊತ್ತು ಬದಲಿಸುವುದು ನ್ಯಾಯ. ಆಹ್ವಾನದಲ್ಲಿ ವಾರದ ಹೆಸರನ್ನೂ ಬರೆಯಿರಿ, ಏಕೆಂದರೆ ಲಂಡನ್ನಿನ ಬುಧವಾರ ಬೆಳಗಿನ 7ರ ಸಭೆ ಸ್ಯಾನ್ ಫ್ರಾನ್ಸಿಸ್ಕೊದವರ ಕ್ಯಾಲೆಂಡರಿನಲ್ಲಿ ಮಂಗಳವಾರದ್ದು.