ಲೈಬ್ರರಿಯೊಳಗೆ ಇನ್ನೊಬ್ಬರ ಲೈಬ್ರರಿ ತುಂಬಬೇಡಿ

ಕಳೆದ ವಾರವೂ ಅದೇ ಕರೆ. "ಸರ್, ನಮ್ಮಲ್ಲಿ ಚೆನ್ನಾಗಿಯೇ ಓಡುತ್ತದೆ. ಗ್ರಾಹಕರ ಸಿಸ್ಟಮ್‌ಗೆ ಹಾಕಿದ ತಕ್ಷಣ ಕೈಕೊಡುತ್ತದೆ." ಇಂಥ ಕರೆ ಬಂದಾಗ ನಾನು ಮೊದಲು ಕೇಳುವುದು ಜಾರ್ ಫೈಲಿನ, ಅಂದರೆ ಜಾವಾ ಕೋಡನ್ನು ಕಟ್ಟಿಡುವ ಪೊಟ್ಟಣದ, ಗಾತ್ರವನ್ನು. ನೂರೈವತ್ತು ಕ್ಲಾಸ್‌ಗಳ (ಕೋಡಿನ ಬಿಡಿ ಘಟಕಗಳ) ಜಾವಾ ಲೈಬ್ರರಿ, ಅಂದರೆ ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಸಿದ್ಧ ಕೋಡ್, ಹದಿನೆಂಟು ಎಂಬಿ ಇದೆ ಎಂದರೆ ಏನಾಗಿದೆ ಎಂದು ತೆರೆದು ನೋಡದೆಯೇ ಊಹಿಸಬಹುದು. ತಾವು ಬಳಸಿದ ಲೈಬ್ರರಿಗಳನ್ನೆಲ್ಲ ಬಿಚ್ಚಿ, ತಮ್ಮ ಕ್ಲಾಸ್‌ಗಳ ಜೊತೆ ಕಲಸಿ, ಒಂದೇ ಜಾರ್ ಮಾಡಿಟ್ಟಿದ್ದಾರೆ. ಕಾರಣ ಕೇಳಿದರೆ ಎಲ್ಲರದೂ ಒಂದೇ ಮಾತು: "ಗ್ರಾಹಕರಿಗೆ ತೊಂದರೆ ಆಗಬಾರದು ಎಂದು."

ಆ ಕಾಳಜಿಯನ್ನು ನಾನು ಅಲ್ಲಗಳೆಯುವುದಿಲ್ಲ. ತಾನೇ ಎದ್ದು ಓಡುವ ಅಪ್ಲಿಕೇಶನ್‌ಗೆ ಈ ಪದ್ಧತಿ ಸರಿಯೇ. ಲೈಬ್ರರಿ ಹಾಗಲ್ಲ, ಇನ್ನೊಬ್ಬರ ಮನೆಗೆ ಹೋಗಿ ಇರಬೇಕಾದದ್ದು. ಅಲ್ಲಿ ಆಗಲೇ ಒಲೆ ಉರಿಯುತ್ತಿರುತ್ತದೆ, ಪಾತ್ರೆ ಪಡಗ ಇರುತ್ತವೆ.

ಎರಡು ವರ್ಷದ ಹಿಂದೆ ಹಾಸನದ ಕಡೆಯ ಯುವ ಎಂಜಿನಿಯರ್ ಒಬ್ಬರು ನನ್ನ ಬಳಿಗೆ ಬಂದಿದ್ದರು. ಎರಡು ರಾತ್ರಿ ನಿದ್ದೆಗೆಟ್ಟ ಮುಖ. ಬಿಲ್ ತಪಾಸಣೆಯ ಅವರ ಲೈಬ್ರರಿಯನ್ನು ಗ್ರಾಹಕರು ಅಪಾಚೆ ಕರಾಫ್ ಮೇಲೆ, ಅಂದರೆ ಕೋಡನ್ನು ಬಂಡಲ್ ಎಂಬ ಪ್ರತ್ಯೇಕ ತುಂಡುಗಳಾಗಿ ಓಡಿಸುವ ಓಎಸ್‌ಜಿಐ ವ್ಯವಸ್ಥೆಯಲ್ಲಿ ಹಾಕಿದ್ದರು. ಲಾಗ್‌ನ ಒಂದು ಸಾಲನ್ನು ಅವರು ಕಾಗದದ ಮೇಲೆ ಪ್ರಿಂಟ್ ಮಾಡಿ ತಂದಿದ್ದರು: ಕ್ಲಾಸ್‌ಕಾಸ್ಟ್‌ಎಕ್ಸೆಪ್ಶನ್, ಜೇಸನ್‌ನೋಡ್ ಅನ್ನು ಜೇಸನ್‌ನೋಡ್ ಆಗಿ ಪರಿವರ್ತಿಸಲಾಗದು. ಎರಡೂ ಕಡೆ ಅದೇ ಹೆಸರು, ಅದೇ ಪ್ಯಾಕೇಜ್ (ಕ್ಲಾಸ್ ಸೇರಿರುವ ಗುಂಪಿನ ಹೆಸರು), ಒಂದಕ್ಷರವೂ ವ್ಯತ್ಯಾಸವಿಲ್ಲ. "ಇದು ಹೇಗೆ ಸಾಧ್ಯ ಸರ್?" ಎಂದು ಅವರು ಕೇಳಿದ ರೀತಿ ಇನ್ನೂ ನೆನಪಿದೆ.

ನಾನು ಎಷ್ಟು ಸಲ ಹೇಳಿದರೂ ಜನರ ಮನಸ್ಸಿನಲ್ಲಿ ನಿಲ್ಲದ ಸಂಗತಿ ಇದೇ. ಆದ್ದರಿಂದ ನಿಧಾನವಾಗಿ ಹೇಳುತ್ತೇನೆ. ತರಗತಿಯಲ್ಲಿ ಮಂಜುನಾಥ ಎಂಬ ಹೆಸರಿನವರು ಇಬ್ಬರಿದ್ದರೆ ಮೇಷ್ಟರು ಹಾಜರಿ ಪುಸ್ತಕದಲ್ಲಿ ಮಂಜುನಾಥ ಎಚ್., ಮಂಜುನಾಥ ಕೆ. ಎಂದು ಬರೆದುಕೊಳ್ಳುತ್ತಾರೆ. ಜಾವಾ ಯಂತ್ರವೂ ಕ್ಲಾಸನ್ನು ಬರೀ ಹೆಸರಿನಿಂದ ಗುರುತಿಸುವುದಿಲ್ಲ. ಹೆಸರಿನ ಜೊತೆ ಒಂದು ಇನಿಷಿಯಲ್ ಇಟ್ಟುಕೊಳ್ಳುತ್ತದೆ: ಅದನ್ನು ಲೋಡ್ ಮಾಡಿದ ಕ್ಲಾಸ್ ಲೋಡರ್. ಓಎಸ್‌ಜಿಐನಲ್ಲಿ ಪ್ರತಿ ಬಂಡಲ್‌ಗೂ ಅದರದೇ ಲೋಡರ್ ಇರುತ್ತದೆ. ಆ ಎಂಜಿನಿಯರ್ ತಮ್ಮ ಜಾರ್‌ನೊಳಗೆ ಜೇಸನ್‌ನೋಡ್ ಕ್ಲಾಸ್ ಇರುವ ಜಾಕ್ಸನ್ ಲೈಬ್ರರಿಯನ್ನು ತುಂಬಿದ್ದರು. ಗ್ರಾಹಕರ ಬಳಿಯೂ ಜಾಕ್ಸನ್ ಇತ್ತು. ಗ್ರಾಹಕರ ಕೋಡ್ ತನ್ನ ಜಾಕ್ಸನ್ನಿನ ಜೇಸನ್‌ನೋಡ್ ಒಂದನ್ನು ಮ್ಯಾಪ್‌ನಲ್ಲಿ (ಬೇರೆ ವಸ್ತುಗಳನ್ನು ಹೊತ್ತೊಯ್ಯುವ ಚೀಲದಲ್ಲಿ) ಇಟ್ಟು ಕಳುಹಿಸಿತು. ಇವರ ಕೋಡ್ ಅದನ್ನು ತೆಗೆದು ತನ್ನ ಜಾಕ್ಸನ್ನಿನ ಜೇಸನ್‌ನೋಡ್ ಎಂದು ಹಿಡಿಯಲು ಹೋಯಿತು. ಯಂತ್ರದ ಕಣ್ಣಿಗೆ ಅವರಿಬ್ಬರು ಬೇರೆ ಬೇರೆ ಮಂಜುನಾಥರು. ಹಳೆಯ ಜಾವಾ ಆವೃತ್ತಿಗಳ ದೋಷ ಸಂದೇಶದಲ್ಲಿ ಇನಿಷಿಯಲ್ ಇರುತ್ತಿರಲಿಲ್ಲ, ಹಾಗಾಗಿ ಓದಿದವರಿಗೆ ತಲೆ ಕೆಡುತ್ತಿತ್ತು. ಜಾವಾ 11ರಿಂದ ಲೋಡರ್ ಹೆಸರನ್ನೂ ಹೇಳುತ್ತದೆ. ದಯವಿಟ್ಟು ಆವರಣದೊಳಗಿನ ಆ ಭಾಗವನ್ನು ಓದಿ; ಅಲ್ಲಿಯೇ ಉತ್ತರ ಇರುತ್ತದೆ.

"ನಮ್ಮ ಗ್ರಾಹಕರು ಓಎಸ್‌ಜಿಐ ಬಳಸುವುದಿಲ್ಲ, ನಮಗೆ ಈ ಚಿಂತೆ ಇಲ್ಲ" ಎನ್ನುವವರಿದ್ದಾರೆ. ಅದೇ ಜಾರ್ ಅನ್ನು ಮಾಮೂಲಿ ಕ್ಲಾಸ್‌ಪಾತ್ (ಜಾವಾ ಕ್ಲಾಸ್‌ಗಳನ್ನು ಸಾಲಾಗಿ ಹುಡುಕುವ ಜಾಗಗಳ ಪಟ್ಟಿ) ಮೇಲೆ ಹಾಕಿದರೆ ಮೊದಲು ಸಿಕ್ಕಿದ್ದೇ ಗೆಲ್ಲುತ್ತದೆ. ನಿಮ್ಮೊಳಗಿನ ಹಳೆಯ ಜಾಕ್ಸನ್ ಮೊದಲು ಸಿಕ್ಕಿದರೆ ಗ್ರಾಹಕರ ಸಿಸ್ಟಮ್‌ನಲ್ಲಿ ನಿಮಗೆ ಸಂಬಂಧವೇ ಇಲ್ಲದ ಇನ್ಯಾವುದೋ ಭಾಗದಲ್ಲಿ ನೋಸಚ್‌ಮೆಥಡ್‌ಎರರ್ (ಕರೆದ ಮೆಥಡ್ ಸಿಗಲಿಲ್ಲ ಎಂಬ ದೋಷ) ಬರುತ್ತದೆ, ಅದೂ ತಿಂಗಳ ಕೊನೆಯಲ್ಲಿ ಮಾತ್ರ ಓಡುವ ಕೋಡಿನಲ್ಲಿ. 2017ರ ಸೆಪ್ಟೆಂಬರ್‌ನಲ್ಲಿ ಜಾವಾ 9ರ ಜೊತೆ ಬಂದ ಮಾಡ್ಯೂಲ್ ವ್ಯವಸ್ಥೆಯಲ್ಲಾದರೆ ಇಷ್ಟು ಕಾಯಬೇಕಾಗಿಲ್ಲ. ಒಂದು ಮಾಡ್ಯೂಲಿನ (ಹೆಸರಿಟ್ಟ ಪ್ಯಾಕೇಜ್‌ಗಳ ಗುಂಪಿನ) ಒಳಗಿರುವ ಪ್ಯಾಕೇಜನ್ನೇ ಇನ್ನೊಂದು ಮಾಡ್ಯೂಲ್ ಅದಕ್ಕೆ ಕೊಡಲು ಬಂದರೆ ಪ್ರೋಗ್ರಾಂ ಶುರುವಾಗುವುದೇ ಇಲ್ಲ. ನನಗೆ ಕೇಳಿದರೆ ಈ ಕಠಿಣ ನಡೆಯೇ ಒಳ್ಳೆಯದು.

ಹಾಗಾದರೆ ಒಳಗೆ ಏನನ್ನೂ ಇಡಲೇಬಾರದೇ? ಇಡಬಹುದು, ಎರಡು ಷರತ್ತಿನ ಮೇಲೆ. ಆ ಲೈಬ್ರರಿಯ ಯಾವ ಟೈಪೂ, ಅಂದರೆ ಕ್ಲಾಸೂ, ನಿಮ್ಮ ಗಡಿ ದಾಟಬಾರದು. ಮತ್ತು ಪ್ಯಾಕೇಜ್ ಹೆಸರನ್ನು ನಿಮ್ಮ ಹೆಸರಿನ ಕೆಳಗೆ ಬದಲಾಯಿಸಿಯೇ ಇಡಬೇಕು. ಸ್ಪ್ರಿಂಗ್ ಫ್ರೇಮ್‌ವರ್ಕ್ ಹಲವು ವರ್ಷಗಳಿಂದ ಎಎಸ್‌ಎಂ ಮತ್ತು ಸಿಜಿಲಿಬ್ ಎಂಬ ಲೈಬ್ರರಿಗಳನ್ನು ಹೀಗೆ ತನ್ನ ಪ್ಯಾಕೇಜ್ ಹೆಸರಿನಡಿ ಇಟ್ಟುಕೊಂಡಿದೆ. ಗಡಿ ಎಂದರೆ ಪಬ್ಲಿಕ್ ಮೆಥಡ್‌ಗಳ ಪಾರಾಮೀಟರ್ ಮತ್ತು ಅವು ಹಿಂತಿರುಗಿಸುವ ಟೈಪ್ ಮಾತ್ರ ಎಂದು ತಿಳಿಯಬೇಡಿ. ಹೊರಗೆ ಎಸೆಯುವ ಎಕ್ಸೆಪ್ಶನ್, ವಿಸ್ತರಿಸಿದ ಮೂಲ ಕ್ಲಾಸ್, ಮೇಲಿನ ಪ್ರಸಂಗದಂತೆ ಮ್ಯಾಪ್‌ನೊಳಗೆ ಅಡಗಿ ಹೋಗುವ ವಸ್ತು, ಎಲ್ಲವೂ ಗಡಿ ದಾಟಿದಂತೆಯೇ. ದಾಟುವುದಾದರೆ ಆ ಲೈಬ್ರರಿಯನ್ನು ಹೊರಗಿಡಿ: ಬೇಕಾದ ಲೈಬ್ರರಿಗಳ ಪಟ್ಟಿ ಇರುವ ಪಾಮ್ ಫೈಲಿನಲ್ಲಿ ಹೆಸರಿಸಿ, ಬಂಡಲ್‌ನಲ್ಲಿ ಆವೃತ್ತಿಯ ವ್ಯಾಪ್ತಿ ಹೇಳಿ ಇಂಪೋರ್ಟ್ ಮಾಡಿಕೊಳ್ಳಿ, ಮಾಡ್ಯೂಲ್‌ನಲ್ಲಿ ರಿಕ್ವೈರ್ಸ್ ಟ್ರಾನ್ಸಿಟಿವ್ (ನನ್ನನ್ನು ಬಳಸುವವರಿಗೂ ಇದು ಬೇಕು) ಎಂದು ಬರೆಯಿರಿ.

ಹೆಸರು ಬದಲಿಸಿ ಒಳಗಿಟ್ಟುಕೊಂಡವರಿಗೂ ಒಂದು ಮಾತು. 2021ರ ಡಿಸೆಂಬರ್ 10, ಶುಕ್ರವಾರ. ಲಾಗ್ ಬರೆಯುವ ಜಾವಾ ಲೈಬ್ರರಿ ಲಾಗ್4ಜೆಯ ಭದ್ರತಾ ದೋಷದ ಸುದ್ದಿ ಬಂದ ದಿನ ಬೆಂಗಳೂರಿನಲ್ಲಿ ಎಷ್ಟೋ ಕಚೇರಿಗಳ ದೀಪ ರಾತ್ರಿಯಿಡೀ ಆರಲಿಲ್ಲ. ನಾನಿದ್ದ ತಂಡದ ಪಟ್ಟಿಯಲ್ಲಿ ಲಾಗ್4ಜೆ ಮೂರೇ ಕಡೆ ಇತ್ತು. ಅವನ್ನು ಶನಿವಾರ ಮಧ್ಯಾಹ್ನದೊಳಗೆ ಸರಿಪಡಿಸಿದೆವು. ಆಮೇಲೆ ಒಬ್ಬರಿಗೆ ಅನುಮಾನ ಬಂದು ಪ್ರತಿ ಜಾರ್ ಅನ್ನೂ ತೆರೆದು ಆ ದೋಷಕ್ಕೆ ಕಾರಣವಾದ ಜೆಎನ್‌ಡಿಐಲುಕಪ್ ಎಂಬ ಕ್ಲಾಸನ್ನು ಹುಡುಕತೊಡಗಿದೆವು. ಯಾರೋ ಕೊಟ್ಟ, ಯಾವಾಗಲೋ ಕೊಂಡ ಲೈಬ್ರರಿಗಳ ಹೊಟ್ಟೆಯಲ್ಲಿ ಅದು ಇನ್ನೂ ಆರು ಕಡೆ ಸಿಕ್ಕಿತು. ಕೊಟ್ಟವರಲ್ಲಿ ಇಬ್ಬರಿಗೆ ತಾವು ಅದನ್ನು ಕೊಟ್ಟಿದ್ದೇವೆ ಎಂಬುದೇ ತಿಳಿದಿರಲಿಲ್ಲ. ಬೇರೆಯವರ ಕೋಡನ್ನು ನಿಮ್ಮ ಜಾರ್‌ನಲ್ಲಿ ಇಟ್ಟ ದಿನದಿಂದ ಅದರ ಪ್ರತಿಯೊಂದು ಭದ್ರತಾ ದುರಸ್ತಿಯೂ ನಿಮ್ಮ ಹೆಗಲ ಮೇಲಿನ ಕೆಲಸ. ಆ ಹೊರೆ ಹೊರಲು ಆಳು ಇದ್ದರೆ ಇಡಿ.

ಇನ್ನು "ಓಎಸ್‌ಜಿಐ ಬಂಡಲ್ ಮಾಡಲೇ, ಜಾವಾ ಮಾಡ್ಯೂಲ್ ಮಾಡಲೇ, ಮಾಮೂಲಿ ಜಾರ್ ಕೊಡಲೇ" ಎಂಬ ಪ್ರಶ್ನೆ. ಸಭೆಗಳಲ್ಲಿ ಇದರ ಮೇಲೆ ಗಂಟೆಗಟ್ಟಲೆ ಜಗಳ ನಡೆಯುತ್ತದೆ, ಆದರೆ ಮೂರೂ ಒಂದೇ ಜಾರ್‌ನಲ್ಲಿ ಇರಬಹುದು. ಓಎಸ್‌ಜಿಐಗೆ ಬೇಕಾದದ್ದು ಮ್ಯಾನಿಫೆಸ್ಟ್‌ನ, ಅಂದರೆ ಜಾರ್‌ನೊಳಗಿನ ವಿವರ ಫೈಲಿನ, ಕೆಲವು ಸಾಲುಗಳು. ಅವನ್ನು ಬಿಎನ್‌ಡಿ ಎಂಬ ಸಾಧನ ನಿಮ್ಮ ಬೈಟ್‌ಕೋಡ್ (ಕಂಪೈಲ್ ಆದ ಕೋಡ್) ಓದಿ ತಾನೇ ಬರೆಯುತ್ತದೆ, ಕೈಯಿಂದ ಬರೆಯಲು ಹೋಗಬೇಡಿ. ಆ ಸಾಲುಗಳನ್ನು ಮಾಮೂಲಿ ಕ್ಲಾಸ್‌ಪಾತ್ ಗಮನಿಸುವುದೇ ಇಲ್ಲ. ಜಾವಾ ಮಾಡ್ಯೂಲಿನ ವಿವರ ಹೇಳುವ ಮಾಡ್ಯೂಲ್-ಇನ್ಫೋ ಬರೆಯಲು ಈಗಲೇ ಆಗದಿದ್ದರೆ, ಕನಿಷ್ಠ ಆಟೊಮ್ಯಾಟಿಕ್-ಮಾಡ್ಯೂಲ್-ನೇಮ್ ಎಂಬ ಒಂದು ಸಾಲನ್ನು ಮ್ಯಾನಿಫೆಸ್ಟ್‌ಗೆ ಹಾಕಿ. ಅದಿಲ್ಲದಿದ್ದರೆ ಜಾವಾ ನಿಮ್ಮ ಫೈಲಿನ ಹೆಸರಿನಿಂದ ಮಾಡ್ಯೂಲಿಗೆ ಹೆಸರು ಕಟ್ಟುತ್ತದೆ. ನಾಳೆ ಯಾರೋ ಫೈಲಿಗೆ ಬೇರೆ ಹೆಸರಿಟ್ಟರೆ ನಿಮ್ಮನ್ನು ನಂಬಿದವರ ಕೋಡ್ ಕಂಪೈಲ್ ಆಗುವುದಿಲ್ಲ. ಫೈಲಿನ ಹೆಸರಿನಲ್ಲಿ ನೇಟಿವ್ ಎಂಬಂಥ ಜಾವಾ ಕಾಯ್ದಿರಿಸಿದ ಪದ ಬಿಡಿಯಾಗಿ ಬಂದರೆ ಹೆಸರು ಕಟ್ಟಲೂ ಆಗದು.

ಗ್ರಾಹಕರು ಇನ್ನೂ ಜಾವಾ 8ರಲ್ಲಿದ್ದರೆ ಎಚ್ಚರ. ಕ್ಲಾಸ್‌ಗಳನ್ನು ಜಾಲಾಡುವ ಕೆಲವು ಹಳೆಯ ಸಾಧನಗಳು ಮಾಡ್ಯೂಲ್-ಇನ್ಫೋ ಕಂಡ ಕೂಡಲೇ ಎಡವುತ್ತವೆ. ಅದನ್ನು ಜಾರ್‌ನ ಮೇಲ್ಮಟ್ಟದಲ್ಲಿ ಇಡದೆ ಮೆಟಾ-ಇನ್ಫ್‌ನ ವರ್ಷನ್ಸ್ 9 ಫೋಲ್ಡರಿನೊಳಗೆ ಇಟ್ಟರೆ ಸಾಮಾನ್ಯವಾಗಿ ಸಮಸ್ಯೆ ಬರುವುದಿಲ್ಲ. ಸಾಮಾನ್ಯವಾಗಿ ಎಂದೆ, ಅವರ ಸಿಸ್ಟಮ್ ಮೇಲೆಯೇ ಪರೀಕ್ಷಿಸದೆ ನಾನು ಖಾತರಿ ಕೊಡಲಾರೆ.

ಹಾಸನದ ಆ ಎಂಜಿನಿಯರ್ ಜಾಕ್ಸನ್ ಅನ್ನು ಹೊರತೆಗೆದು ಒಂದೇ ದಿನದಲ್ಲಿ ಹೊಸ ಜಾರ್ ಕಟ್ಟಿದರು. ತಪ್ಪು ಅವರದಲ್ಲ, ಇದನ್ನು ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ ಅಷ್ಟೇ. ನನಗೆ ಕರೆ ಮಾಡುವ ಮುನ್ನ ನೀವೂ ನಿಮ್ಮ ಜಾರ್ ಮೇಲೆ ಜಾರ್ ಟಿಎಫ್ ಎಂಬ ಕಮಾಂಡ್ ಕೊಟ್ಟು ಪಟ್ಟಿಯನ್ನು ಪೂರ್ತಿ ಓದಿ. ನಿಮ್ಮದಲ್ಲದ ಪ್ಯಾಕೇಜ್ ಕಂಡರೆ ಪಕ್ಕದಲ್ಲಿ ಎರಡು ವಿಷಯ ಬರೆಯಿರಿ: ಇದು ಗಡಿ ದಾಟುತ್ತದೆಯೇ, ಇದರ ದುರಸ್ತಿಯನ್ನು ಯಾರು ನೋಡಿಕೊಳ್ಳುತ್ತಾರೆ. ಆ ಕಾಗದ, ಗ್ರಾಹಕರ ಜಾವಾ ಆವೃತ್ತಿ, ಇವೆರಡು ಕೈಯಲ್ಲಿದ್ದರೆ ನಮ್ಮ ಮಾತು ಅರ್ಧ ಗಂಟೆಯಲ್ಲಿ ಮುಗಿಯುತ್ತದೆ.