ನೋವು ಬರುವ ಮೊದಲೇ ಕೂತುಕೊಳ್ಳಿ

ಭುಜದ ಮೇಲೆ ಕೈ ಇಟ್ಟ ತಕ್ಷಣ ಗೊತ್ತಾಗುತ್ತದೆ. ಕುತ್ತಿಗೆಯಿಂದ ಭುಜದ ತುದಿಗೆ ಇಳಿಯುವ ಸ್ನಾಯುವಿನ ನಡುವೆ ಹುರಿಹಗ್ಗದಂಥ ಒಂದು ಗಟ್ಟಿ ಎಳೆ. ಅದನ್ನು ಹೆಬ್ಬೆರಳಿನಿಂದ ಒತ್ತಿದಾಗ ಆಕೆ ಉಸಿರು ಬಿಗಿಹಿಡಿದರು. "ಅದೇ ಮೇಡಂ, ಅದೇ ಜಾಗ. ಅಲ್ಲಿಂದ ಕಿವಿ ಹಿಂದೆ ಹೋಗಿ ಕಣತಲೆಗೆ ಬರತ್ತೆ."

ಪೀಣ್ಯದ ಕಡೆ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿರುವ ಹೆಣ್ಣುಮಗಳು. ನೋವು ಶುರುವಾಗಿ ನಾಲ್ಕು ವರ್ಷ. ಒಬ್ಬರು ವಾಯು ಅಂದರಂತೆ, ಇನ್ನೊಬ್ಬರು ನರ ಹಿಡಿದುಕೊಂಡಿದೆ ಅಂದರಂತೆ. ಉಳುಕು ತೆಗೆಸಿದ್ದಾಯಿತು, ಎಕ್ಸ್‌ರೇ ಆಯಿತು, ರಕ್ತಪರೀಕ್ಷೆಯೂ ಆಯಿತು. ಎಲ್ಲ ನಾರ್ಮಲ್. "ಹಾಗಾದ್ರೆ ನಾನು ಸುಳ್ಳು ಹೇಳ್ತಿದೀನಾ?" ಎಂದು ಕೇಳುವಾಗ ಅವರ ಕಣ್ಣು ತುಂಬಿತ್ತು.

ಖಂಡಿತ ಇಲ್ಲ. ಎಕ್ಸ್‌ರೇಯಲ್ಲಿ ಕಾಣುವುದು ಮೂಳೆ. ಬಿಗಿದ ಸ್ನಾಯು ಅದರಲ್ಲಿ ಕಾಣುವುದಿಲ್ಲ. ನಮ್ಮ ತಲೆಯೇ ಸುಮಾರು 5 ಕೆಜಿ ತೂಗುತ್ತದೆ. ಸೂಜಿಯ ಕಡೆ ಬಗ್ಗಿದಾಗ ಆ ತೂಕವನ್ನು ಹಿಡಿದು ನಿಲ್ಲಿಸುವುದು ಕುತ್ತಿಗೆಯ ಹಿಂದಿನ ಮತ್ತು ಭುಜದ ಮೇಲಿನ ಸ್ನಾಯುಗಳು. ನಡೆಯುವಾಗ ಕಾಲಿನ ಸ್ನಾಯು ಬಿಗಿಯುತ್ತದೆ, ಸಡಿಲವಾಗುತ್ತದೆ, ಆ ನಡುವೆ ರಕ್ತ ಚೆನ್ನಾಗಿ ಹರಿಯುತ್ತದೆ. ಹೊಲಿಗೆಯ ಮುಂದೆ ಕೂತವರ ಭುಜಕ್ಕೆ ಆ ಬಿಡುವೇ ಇಲ್ಲ. ಗಂಟೆಗಟ್ಟಲೆ ಒಂದೇ ಸಮ ಬಿಗಿದಿರುತ್ತದೆ. ಕೈಗೆ ಸಿಗುವ ಆ ಗಂಟಿನೊಳಗೆ ನಿಜಕ್ಕೂ ಏನಾಗಿರುತ್ತದೆ ಎಂಬ ಬಗ್ಗೆ ತಜ್ಞರಲ್ಲಿ ಇನ್ನೂ ಚರ್ಚೆ ನಡೆದಿದೆ. ನೋವಿನ ಬಗ್ಗೆ ಮಾತ್ರ ಯಾರಿಗೂ ಅನುಮಾನ ಬೇಡ.

ಮೂರು ತಿಂಗಳಿಗಿಂತ ಜಾಸ್ತಿ ಇರುವ ನೋವನ್ನು ನಾವು ದೀರ್ಘಕಾಲದ ನೋವು ಎನ್ನುತ್ತೇವೆ. ಅದರ ಸ್ವಭಾವವೇ ಬೇರೆ. ಒಮ್ಮೆ ಕಳ್ಳ ಬಂದು ಹೋದ ಮನೆಯ ನಾಯಿ ಆಮೇಲೆ ಹಾಲಿನವರು ಬಂದರೂ ಬೊಗಳುತ್ತದೆ, ಅಲ್ವಾ? ನರಗಳೂ ಹಾಗೆಯೇ ಆಗುತ್ತವೆ. ಸಣ್ಣ ಕೆಲಸಕ್ಕೂ ದೊಡ್ಡ ನೋವಿನ ಸುದ್ದಿ ಕಳಿಸುತ್ತವೆ. ಆದ್ದರಿಂದ ನೋವು ಜಾಸ್ತಿಯಾಯಿತು ಎಂದಾಕ್ಷಣ ಒಳಗೆ ಏನೋ ಹರಿದುಹೋಯಿತು ಎಂದು ಹೆದರಬೇಡಿ. ಈ ಒಂದು ಮಾತು ಅರ್ಥವಾದರೆ ಸಾಕು, ಎಷ್ಟೋ ಜನರ ಭುಜ ನನ್ನೆದುರೇ ಸ್ವಲ್ಪ ಕೆಳಗಿಳಿದದ್ದನ್ನು ನೋಡಿದ್ದೇನೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಭಾನುವಾರ ಏನು ಮಾಡುತ್ತೀರಿ ಎಂದು ಆಕೆಯನ್ನು ಕೇಳಿದೆ. ವಾರದ ಬಟ್ಟೆ ಒಗೆಯುವುದು, ಮನೆ ಒರೆಸುವುದು, ದೋಸೆಗೆ ರುಬ್ಬುವುದು, ಸಂಜೆ ಮೂವತ್ತು ಚಪಾತಿ. ಅವತ್ತು ನೋವು ಕಡಿಮೆ ಇದ್ದರೆ ಅಟ್ಟದ ಪಾತ್ರೆಗಳೂ ಕೆಳಗೆ ಬರುತ್ತವೆ. ಸೋಮವಾರ ಕೈ ಎತ್ತಲು ಆಗುವುದಿಲ್ಲ. ಮಾತ್ರೆ ನುಂಗಿ ಕೆಲಸಕ್ಕೆ ಹೋಗುತ್ತಾರೆ, ಇಲ್ಲವೇ ರಜೆ ಹಾಕಿ ಮಲಗುತ್ತಾರೆ. ಸ್ವಲ್ಪ ಕಡಿಮೆಯಾದ ಕೂಡಲೇ ಉಳಿದ ಕೆಲಸವೆಲ್ಲ ಒಟ್ಟಿಗೆ. ನನ್ನ ಬಳಿ ಬರುವ ಹತ್ತಾರು ಜನರದ್ದು ಇದೇ ಕಥೆ. ಯುಗಾದಿಯ ಮನೆ ಕ್ಲೀನಿಂಗ್ ಮುಗಿದ ವಾರ ನಮ್ಮ ಕ್ಲಿನಿಕ್ಕಿನಲ್ಲಿ ಕುರ್ಚಿ ಸಾಲುವುದಿಲ್ಲ.

ನೋವಿಲ್ಲದಾಗ ಮಿತಿಮೀರಿ ದುಡಿಯುವುದು, ನೋವು ಬಂದಾಗ ಪೂರ್ತಿ ಮಲಗುವುದು. ಈ ಎರಡೂ ಸೇರಿ ಸ್ನಾಯುವನ್ನು ದುರ್ಬಲ ಮಾಡುತ್ತವೆ. ಮಲಗಿದಷ್ಟೂ ಶಕ್ತಿ ಇಳಿಯುತ್ತದೆ. ಶಕ್ತಿ ಇಳಿದಷ್ಟೂ ಮುಂದಿನ ಸಲ ಬೇಗ ನೋಯುತ್ತದೆ. ಆದ್ದರಿಂದ ಎಷ್ಟು ಹೊತ್ತು ಕೆಲಸ ಎಂಬುದನ್ನು ಗಡಿಯಾರ ಹೇಳಲಿ. ಅದನ್ನು ನೋವಿನ ಕೈಗೆ ಕೊಡಬೇಡಿ.

ಲೆಕ್ಕ ಹೀಗೆ. ಚಪಾತಿ ಲಟ್ಟಿಸಲು ಶುರುಮಾಡಿ ಎಷ್ಟು ಹೊತ್ತಿಗೆ ನೋವು ಏರುತ್ತದೆ ಎಂದು ಎರಡು ಮೂರು ದಿನ ಸುಮ್ನೆ ಗಮನಿಸಿ. 20 ನಿಮಿಷ ಎಂದುಕೊಳ್ಳಿ. ಹಾಗಾದರೆ ನೀವು 15ನೇ ನಿಮಿಷಕ್ಕೇ ಲಟ್ಟಣಿಗೆ ಕೆಳಗಿಡಬೇಕು. ನೋವು ಇಲ್ಲದಿದ್ದರೂ ಇಡಬೇಕು. ಐದು ನಿಮಿಷ ಕೂತು, ಭುಜ ಇಳಿಬಿಟ್ಟು, ಮತ್ತೆ ಮುಂದುವರಿಸಿ. ಮೊಬೈಲಿನಲ್ಲಿ ಅಲಾರಂ ಇಡಿ, ಇಲ್ಲದಿದ್ದರೆ ಮರೆತೇ ಹೋಗುತ್ತದೆ. ವಾರಕ್ಕೆ ಒಂದೆರಡು ನಿಮಿಷ ಜಾಸ್ತಿ ಮಾಡುತ್ತಾ ಹೋಗಿ. ನೋವಿರುವ ದಿನವೂ ಪೂರ್ತಿ ಬಿಡಬೇಡಿ, ಅರ್ಧದಷ್ಟಾದರೂ ಮಾಡಿ.

ಫ್ಯಾಕ್ಟರಿಯಲ್ಲಿ ಇದು ಹೇಗೆ ಸಾಧ್ಯ? ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್ ಇರುವ ಕಡೆ ಐದು ನಿಮಿಷ ಎದ್ದು ನಿಲ್ಲಿ ಎಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ. ದುಡಿಯುವವರಿಗೆ ಆ ಬಿಡುವು ಸಿಗಲೇಬೇಕು. ಅಲ್ಲಿಯವರೆಗೆ ನಾವು ಕಂಡುಕೊಂಡ ದಾರಿ ಇಷ್ಟು: ಒಂದು ಬಂಡಲ್ ಮುಗಿದು ಇನ್ನೊಂದು ಕೈಗೆ ಬರುವ ನಡುವೆ ಎರಡೂ ಭುಜವನ್ನು ಕಿವಿಯ ತನಕ ಎತ್ತಿ, ಧೊಪ್ಪನೆ ಕೆಳಗೆ ಬಿಟ್ಟು, ಮೂರು ಸಲ ನಿಧಾನವಾಗಿ ಉಸಿರು ಹೊರಬಿಡುವುದು. ಹತ್ತು ಹದಿನೈದು ಸೆಕೆಂಡಿನ ಕೆಲಸ.

ಇನ್ನು ಶಕ್ತಿಯ ವಿಷಯ. ಡೆನ್ಮಾರ್ಕಿನಲ್ಲಿ ಕುತ್ತಿಗೆ, ಭುಜ ಪದೇಪದೇ ನೋಯುತ್ತಿದ್ದ 198 ಜನರ ಮೇಲೆ ನಡೆದ ಒಂದು ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಕೆಲವರು ದಿನಕ್ಕೆ 2 ನಿಮಿಷ, ಕೆಲವರು 12 ನಿಮಿಷ ರಬ್ಬರ್ ಪಟ್ಟಿ ಎಳೆಯುವ ವ್ಯಾಯಾಮ ಮಾಡಿದರು. ವಾರಕ್ಕೆ 5 ದಿನ, 10 ವಾರ. ವ್ಯಾಯಾಮ ಮಾಡದವರಿಗೆ ಹೋಲಿಸಿದರೆ ಎರಡೂ ಗುಂಪಿನವರ ನೋವು ಇಳಿಯಿತು. 2 ನಿಮಿಷ! ಮನೆ, ಮಕ್ಕಳು, ಬಸ್ಸು ಎಂದು ಓಡುವವರಿಗೆ ನಾನು ಇದನ್ನು ಪ್ರತಿಸಲವೂ ಹೇಳುತ್ತೇನೆ. ರಬ್ಬರ್ ಪಟ್ಟಿ ಇಲ್ಲದಿದ್ದರೆ ಅರ್ಧ ಲೀಟರಿನ ಎರಡು ನೀರಿನ ಬಾಟಲಿ ಸಾಕು. ನಿಂತುಕೊಂಡು, ಮೊಣಕೈ ತುಸು ಮಡಚಿ, ಕೈಗಳನ್ನು ಪಕ್ಕಕ್ಕೆ ಭುಜದ ಮಟ್ಟದವರೆಗೆ ಎತ್ತಿ, ನಿಧಾನವಾಗಿ ಇಳಿಸಿ. ಭುಜ ಕಿವಿಯ ಕಡೆಗೆ ಏರಬಾರದು. ಮೊದಲ ವಾರ ಸ್ವಲ್ಪ ನೋಯಬಹುದು. ಮಾರನೆಯ ಬೆಳಿಗ್ಗೆಗೆ ಮೊದಲಿನಷ್ಟಕ್ಕೇ ಇಳಿದಿದ್ದರೆ ಸರಿಯಾಗಿದೆ. ಇಳಿಯದಿದ್ದರೆ ನೀರು ಕಡಿಮೆ ಮಾಡಿ. ವ್ಯಾಯಾಮ ಬಿಡಬೇಡಿ.

ಗಂಟಿನ ಜಾಗಕ್ಕೆ ಒಂದು ಟೆನಿಸ್ ಚೆಂಡನ್ನು ಹಳೇ ಕಾಲುಚೀಲದೊಳಗೆ ಹಾಕಿ, ಗೋಡೆಗೂ ಬೆನ್ನಿಗೂ ನಡುವೆ ಇಟ್ಟು ಒರಗಿ. ಅರ್ಧ ನಿಮಿಷದಿಂದ ಒಂದು ನಿಮಿಷ ಸಾಕು. ಬೆನ್ನುಮೂಳೆಯ ಮೇಲೆ ಮಾತ್ರ ಬೇಡ. ಕಣ್ಣಲ್ಲಿ ನೀರು ಬರುವಷ್ಟು ಒತ್ತಬೇಡಿ, ಜೋರಾಗಿ ಒತ್ತಿದರೆ ಬೇಗ ಹೋಗುತ್ತದೆ ಎಂಬುದು ತಪ್ಪು.

ಶಾಖ ಕೊಡುವುದು ಒಳ್ಳೆಯದೇ. ಬಿಸಿನೀರಿನ ಚೀಲವಾಗಲಿ, ಅಜ್ಜಿ ಕಾಲದ ಹಾಗೆ ಕಲ್ಲುಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿದ ಗಂಟಾಗಲಿ, 15ರಿಂದ 20 ನಿಮಿಷ ಸಾಕು. ಬಿಗಿ ಸಡಿಲವಾಗುತ್ತದೆ, ಆಗಲೇ ಬಾಟಲಿ ವ್ಯಾಯಾಮ ಮಾಡಿದರೆ ಸುಲಭ. ಬಾಮ್ ಹಚ್ಚಿದ ಜಾಗಕ್ಕೆ ಮಾತ್ರ ಶಾಖ ಕೊಡಬೇಡಿ, ಚರ್ಮ ಸುಡುತ್ತದೆ. ಸಕ್ಕರೆ ಕಾಯಿಲೆಯವರಿಗೆ ಕೆಲವೊಮ್ಮೆ ಬಿಸಿ ಗೊತ್ತಾಗುವುದಿಲ್ಲ. ಶಾಖ ಕೊಟ್ಟು ಬೊಬ್ಬೆ ಎದ್ದವರನ್ನು ನಾನೇ ನೋಡಿದ್ದೇನೆ. ಮನೆಯ ಬೇರೆ ಯಾರಾದರೂ ಮುಟ್ಟಿ ನೋಡಿಕೊಡಲಿ.

ಮಾತ್ರೆಯ ಬಗ್ಗೆ ಕೈಮುಗಿದು ಕೇಳುತ್ತೇನೆ. ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಂದ ನೋವಿನ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಬೇಡಿ. ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಬಿಪಿ ಏರುತ್ತದೆ, ಕಿಡ್ನಿಗೆ ಪೆಟ್ಟು ಬೀಳುತ್ತದೆ. ಜೊತೆಗೊಂದು ಗ್ಯಾಸ್ ಮಾತ್ರೆ ನುಂಗಿದ ಮಾತ್ರಕ್ಕೆ ಕಿಡ್ನಿ ಉಳಿಯುವುದಿಲ್ಲ.

ಮನೆಯಲ್ಲಿ ಕೂತು ಕಾಯಬಾರದ ನೋವೂ ಇದೆ. ಎದೆ, ಎಡಗೈ, ದವಡೆ ನೋಯುತ್ತಾ ಬೆವರು, ಏದುಸಿರು ಬಂದರೆ ಅದು ಹೃದಯದ್ದಿರಬಹುದು, ತಕ್ಷಣ ಆಸ್ಪತ್ರೆಗೆ ಹೋಗಿ. ಕೈಯಲ್ಲಿ ಹಿಡಿತ ತಪ್ಪಿ ಲೋಟ ಜಾರುತ್ತಿದ್ದರೆ, ಜೋಮು ಬಿಡದಿದ್ದರೆ, ನಡಿಗೆ ತಡವರಿಸಿದರೆ, ಮೂತ್ರದ ಹಿಡಿತ ಹೋದರೆ, ಜ್ವರ ಅಥವಾ ಕಾರಣವಿಲ್ಲದೆ ತೂಕ ಇಳಿಯುವುದು ಜೊತೆಗಿದ್ದರೆ ತಡ ಮಾಡದೆ ವೈದ್ಯರನ್ನು ನೋಡಿ. ಮೈಯೆಲ್ಲ ನೋಯುವವರು ಥೈರಾಯ್ಡ್ ಮತ್ತು ವಿಟಮಿನ್ ಡಿ ಬಗ್ಗೆ ವೈದ್ಯರನ್ನು ಕೇಳಿ. ಕೊಲೆಸ್ಟ್ರಾಲ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ಅದರಿಂದಲೂ ಕೆಲವರಿಗೆ ಸ್ನಾಯು ನೋಯುತ್ತದೆ.

ಆ ಹೆಣ್ಣುಮಗಳು ಹತ್ತನೇ ವಾರ ಬಂದಾಗ ಮಗಳ ಹಳೇ ನೋಟ್‌ಬುಕ್ ತಂದಿದ್ದರು. ದಿನಕ್ಕೊಂದು ಸಾಲು ಬರೆಯಲು ಹೇಳಿದ್ದೆ, ಹತ್ತಕ್ಕೆ ನೋವು ಎಷ್ಟು ಎಂಬ ಅಂಕಿಯೊಂದಿಗೆ. ಮೊದಲ ಪುಟಗಳಲ್ಲಿ 8, 3, 9, 2 ಎಂದು ಏರಿಳಿತ. ಕೊನೆಯ ಪುಟದಲ್ಲಿ ಹೀಗಿತ್ತು: "ಭಾನುವಾರ. ಬಟ್ಟೆ ಅರ್ಧ ಇವತ್ತು, ಅರ್ಧ ಬುಧವಾರ. ಬಾಟಲಿ ಒಂದು ಲೀಟರಿಂದು. ನೋವು 4." ಸೋಮವಾರದ ಸಾಲಿನಲ್ಲೂ 4 ಇತ್ತು. ಅವತ್ತು ಅವರು ರಜೆ ಹಾಕಿರಲಿಲ್ಲ.